ಬಿಟ್ಟು ಬಿಟ್ಟು ಬರುವ ತಂಪು

ಬೆಂಗಳೂರಿನ ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡು, 1898ರ ಪ್ಲೇಗಿನ ಉಪದ್ರವದ ಬೆನ್ನಿಗೆ ಬಸವನಗುಡಿ ಮಲ್ಲೇಶ್ವರಗಳು ಬೆಳೆಯತೊಡಗಿದಾಗ, ಆ ಬಡಾವಣೆಗಳನ್ನು ಅಳೆದು ಗುರುತಿಸಿದವರ ಲಕ್ಷ್ಯವೆಲ್ಲ ಗಾಳಿ ಬೆಳಕುಗಳ ಮೇಲೆಯೇ ಇದ್ದಿತು. ಅಗಲವಾದ ಬೀದಿ, ಸಾಲುಮರ, ಮನೆಯ ಸುತ್ತ ಒಂದಿಷ್ಟು ಅಂಗಳ, ಇಷ್ಟಿದ್ದರೆ ಮನುಷ್ಯನಿಗೆ ಬೇಕಾದ ಶೈತ್ಯವನ್ನು ಪ್ರಕೃತಿಯೇ ಒದಗಿಸೀತೆಂಬ ಅವರ ನಂಬಿಕೆ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ಬಹುಕಾಲ ಹುಸಿಯಾಗಲಿಲ್ಲ. ಅಂಬಾಸಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಮುಂಬಾಗಿಲಿನ ತ್ರಿಕೋನಾಕಾರದ ಪುಟ್ಟ ಗಾಜನ್ನು ಓರೆಮಾಡಿಕೊಂಡು ಸ್ಯಾಂಕಿ ಕೆರೆಯ ಬದಿಯಲ್ಲಿಯೋ ಲಾಲ್‌ಬಾಗಿನ ಬೇಲಿಯ ಪಕ್ಕದಲ್ಲಿಯೋ ಹೋದವರಿಗೆ, ಕಾರಿನೊಳಗೆ ತಂಪನ್ನು ಉತ್ಪಾದಿಸುವ ಯಂತ್ರವೊಂದು ಬೇಕಾದೀತೆಂದು ತೋರಿದ್ದರೆ ಅದೇ ವಿಚಿತ್ರವೆನಿಸುತ್ತಿತ್ತು.

ಇಂದು ಆ ಸ್ಥಿತಿಯಿಲ್ಲ. 2016ರ ಏಪ್ರಿಲ್ 24ರಂದು ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿಗೆ ಏರಿತು. ಆದರೆ ಕಾರಿನ ಗಾಜುಗಳು ಮುಚ್ಚಿಕೊಂಡದ್ದು ಕೇವಲ ಬಿಸಿಲಿನ ಕಾರಣದಿಂದಲ್ಲ. ಧೂಳು, ಹೊಗೆ, ಹಾರನ್ನುಗಳ ಆರ್ಭಟ ಇವು ಮೂರೂ ಸೇರಿ ಅವನ್ನು ಮುಚ್ಚಿಸಿದುವು. ಮುಚ್ಚಿದ ಗಾಜಿನ ಮೂಲಕ ಒಳನುಗ್ಗುವ ಬಿಸಿಲನ್ನು ತಡೆಯಲೆಂದು ಜನ ಅಂಟಿಸಿಕೊಳ್ಳುತ್ತಿದ್ದ ಕಪ್ಪು ಫಿಲ್ಮನ್ನು ಸರ್ವೋಚ್ಚ ನ್ಯಾಯಾಲಯವು ಜನರ ಸುರಕ್ಷತೆಯ ದೃಷ್ಟಿಯಿಂದ 2012ರ ಏಪ್ರಿಲ್ 27ರಂದು ನಿಷೇಧಿಸಿತು. ಆ ಫಿಲ್ಮು ಹೊರುತ್ತಿದ್ದ ಭಾರವೂ ಏ.ಸಿ.ಯ ಪಾಲಿಗೆ ಬಂದಿತು. ಹೀಗೆ ಒಂದು ಕಾಲದ ಭೋಗವಸ್ತುವು ನಿತ್ಯೋಪಯೋಗದ ಸಾಧನವಾಯಿತು. ನಿತ್ಯವೂ ಬೇಕಾದುದು ಆಗಾಗ ಕೈಕೊಡುವುದು, ಎಂದೂ ಇಲ್ಲದಿರುವುದಕ್ಕಿಂತ ಹೆಚ್ಚು ಕಿರಿಕಿರಿಯ ಸಂಗತಿ.

ಜಯಚಾಮರಾಜೇಂದ್ರ ರಸ್ತೆಯಲ್ಲಿ, ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಲುಗಟ್ಟಿರುವ ಕಾರಿನ ಬಿಡಿಭಾಗಗಳ ಅಂಗಡಿಗಳಲ್ಲಿಯೂ ಸುತ್ತಣ ಓಣಿಗಳ ಗ್ಯಾರೇಜುಗಳಲ್ಲಿಯೂ ಬೇಸಗೆ ಕಾಲಿಡುತ್ತಿದ್ದಂತೆ ಕೇಳಿಬರುವ ದೂರುಗಳು ಎರಡು ಜಾತಿಯವು. ಏ.ಸಿ. ತಂಪನ್ನು ಕೊಡುವುದೇ ಇಲ್ಲವೆಂಬುದು ಒಂದು. ಅದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ, ಏಕೆಂದರೆ ಪೂರ್ಣವಾಗಿ ಕೆಟ್ಟ ಯಂತ್ರದಲ್ಲಿ ದೋಷವು ಪರೀಕ್ಷಕನು ಬರುವವರೆಗೂ ನಿಂತಲ್ಲಿಯೇ ನಿಂತಿರುತ್ತದೆ. “ಒಂದೊಂದ್ಸಲ ಚೆನ್ನಾಗಿ ಕೂಲಿಂಗ್ ಬರುತ್ತೆ, ಒಂದೊಂದ್ಸಲ ಬರೋದೇ ಇಲ್ಲ” ಎಂಬುದು ಮತ್ತೊಂದು. ಈ ಎರಡನೆಯ ಜಾತಿಯ ಕಾರು ಗ್ಯಾರೇಜಿನ ಮುಂದೆ ನಿಂತೊಡನೆ ಪರಮ ಸಾಧುವಾಗಿ ತಣ್ಣನೆಯ ಗಾಳಿಯನ್ನು ಬೀರತೊಡಗುತ್ತದೆ. ಮೆಕ್ಯಾನಿಕ್ ಗೇಜು ಹಚ್ಚಿ ನೋಡಿ, “ಗ್ಯಾಸ್ ಸ್ವಲ್ಪ ಕಮ್ಮಿ ಇದೆ ಸಾರ್, ತುಂಬಿಸಿಬಿಡೋಣ” ಎನ್ನುತ್ತಾನೆ. ತುಂಬಿಸಿಯಾದ ಮೇಲೆ ಮಾಲಿಕ ಸಂತೃಪ್ತನಾಗಿ ಮನೆಗೆ ಹೋಗುತ್ತಾನೆ. ದೋಷವೂ ಅವನೊಡನೆಯೇ ಹೋಗುತ್ತದೆ.

ಇಲ್ಲಿ ಮೊದಲು ಮನವರಿಕೆಯಾಗಬೇಕಾದ ಸಂಗತಿ, ನಿಂತು ನಿಂತು ನಡೆಯುವುದು ಈ ಯಂತ್ರದ ಸಹಜ ಧರ್ಮವೆಂಬುದು. ಅಮೆರಿಕದ ಪ್ಯಾಕರ್ಡ್ ಸಂಸ್ಥೆಯು ತನ್ನ 1940ರ ಮಾದರಿಯ ಕಾರುಗಳಿಗೆ ಮೊತ್ತಮೊದಲು ಏ.ಸಿ.ಯನ್ನು ಕಾರ್ಖಾನೆಯಲ್ಲಿಯೇ ಅಳವಡಿಸಿ ಕೊಟ್ಟಾಗ, ಅದರ ಕಂಪ್ರೆಸರ್ ಎಂಜಿನ್ನಿಗೆ ನೇರವಾಗಿ ಬೆಲ್ಟಿನಿಂದ ಬಂಧಿತವಾಗಿತ್ತು. ತಂಪು ಸಾಕೆನಿಸಿದರೆ ಕಾರನ್ನು ನಿಲ್ಲಿಸಿ ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಾಗಿತ್ತು. ಎಡೆಬಿಡದೆ ತಂಪನ್ನು ಕೊಡುವ ಯಂತ್ರವೆಂದರೆ ಅದೇ, ಮತ್ತು ಅದನ್ನು ಸಹಿಸುವುದು ಕಷ್ಟವಾಯಿತು. ಅನಂತರ ಬಂದ ವಿದ್ಯುತ್ಕಾಂತ ಕ್ಲಚ್ಚು ಕಂಪ್ರೆಸರನ್ನು ಬೇಕಾದಾಗ ಎಂಜಿನ್ನಿಗೆ ಜೋಡಿಸಿ ಬೇಡವಾದಾಗ ಬಿಡಿಸುವ ಉಪಾಯ. ಇಂದು ಅನೇಕ ಕಾರುಗಳಲ್ಲಿ ಕಂಪ್ರೆಸರ್ ತನ್ನ ಸಾಮರ್ಥ್ಯವನ್ನೇ ಹಿಗ್ಗಿಸಿ ಕುಗ್ಗಿಸಿಕೊಳ್ಳುವಂತಿದ್ದರೂ, ವಿರಾಮವೆಂಬುದು ಮೂಲತಃ ವಿನ್ಯಾಸದಲ್ಲಿಯೇ ಇದೆ. ಆದುದರಿಂದ ಯಂತ್ರವು ಏಕೆ ನಿಲ್ಲುತ್ತದೆಂದು ಕೇಳುವುದರಿಂದ ಪ್ರಯೋಜನವಿಲ್ಲ; ನಿಲ್ಲಬಾರದ ಯಾವ ಸಂದರ್ಭದಲ್ಲಿ ನಿಲ್ಲುತ್ತದೆಂಬುದನ್ನು ಕೇಳಬೇಕು.

ಪ್ರಾಚೀನ ವೈದ್ಯರು ಈ ಬಗೆಯ ಪ್ರಶ್ನೆಯನ್ನು ಬಲ್ಲವರಾಗಿದ್ದರು. ಬಿಟ್ಟು ಬಿಟ್ಟು ಬರುವ ವಿಷಮಜ್ವರವನ್ನು ಚರಕಸಂಹಿತೆಯು ಅದು ಮರಳುವ ಕಾಲವನ್ನು ಹಿಡಿದು ವಿಂಗಡಿಸುತ್ತದೆ: ದಿನಕ್ಕೊಮ್ಮೆ ಬರುವುದು ಅನ್ಯೇದ್ಯುಷ್ಕ, ದಿನಬಿಟ್ಟು ದಿನ ಬರುವುದು ತೃತೀಯಕ, ನಡುವೆ ಎರಡು ದಿನ ಬಿಟ್ಟು ಬರುವುದು ಚತುರ್ಥಕ. ರೋಗಿಯು ವೈದ್ಯನೆದುರು ಕುಳಿತಾಗ ಮೈ ತಣ್ಣಗಿರಬಹುದು. ಜ್ವರ ಯಾವಾಗ ಬಂದಿತು, ಯಾವಾಗ ಇಳಿಯಿತು ಎಂಬ ಅವನ ಮಾತೇ ನಿದಾನಕ್ಕೆ ಆಧಾರ. ಕಾರಿನ ವಿಷಯದಲ್ಲಿಯೂ ನನ್ನ ವಾದವು ಇಷ್ಟೇ. ಆಗಾಗ ಕಾಣಿಸಿಕೊಳ್ಳುವ ದೋಷವು ಅನಿಯತವಾದುದಲ್ಲ, ಅದಕ್ಕೂ ಒಂದು ನಿಯಮವುಂಟು. ಆ ನಿಯಮವನ್ನು ಕಾಣುವ ಅವಕಾಶ ದಿನವೂ ಕಾರನ್ನು ಓಡಿಸುವವನಿಗೆ ಇದೆಯೇ ಹೊರತು ಅರ್ಧ ಗಂಟೆ ಗೇಜು ಹಿಡಿದು ನಿಂತವನಿಗೆ ಇಲ್ಲ.

ಯಂತ್ರದ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿಮಾಡಿ ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ತನ್ನ ಉಷ್ಣವನ್ನು ಬಿಟ್ಟುಕೊಟ್ಟು ದ್ರವವಾದ ಅದು, ತೇವವನ್ನು ಹೀರುವ ಡ್ರೈಯರನ್ನು ದಾಟಿ, ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಕ್ಷ್ಮ ರಂಧ್ರದ ಮೂಲಕ ಡ್ಯಾಶ್‌ಬೋರ್ಡಿನ ಒಳಗಣ ಕೂಲಿಂಗ್ ಕಾಯಿಲನ್ನು ಪ್ರವೇಶಿಸಿ, ಅಲ್ಲಿ ಒಮ್ಮೆಲೇ ಆವಿಯಾಗುತ್ತ ಸುತ್ತಣ ಗಾಳಿಯ ಉಷ್ಣವನ್ನು ಹೀರಿಕೊಳ್ಳುತ್ತದೆ. ಆ ತಣಿದ ಗಾಳಿಯನ್ನು ಬ್ಲೋವರ್ ನಮ್ಮ ಮುಖಕ್ಕೆ ತಂದು ಬೀಸುತ್ತದೆ. ಈ ಸುತ್ತಿನಲ್ಲಿ ಎಲ್ಲಿ ವಿಘ್ನವಾದರೂ ತಂಪು ನಿಲ್ಲುತ್ತದೆ. ಆದರೆ ಬೇರೆ ಬೇರೆ ವಿಘ್ನಗಳು ಬೇರೆ ಬೇರೆ ಸಮಯದಲ್ಲಿ ತಲೆದೋರುತ್ತವೆ.

ಈ ಊರಿನಲ್ಲಿ ಅತ್ಯಂತ ಸಾಮಾನ್ಯವಾದುದು, ಕಾರು ಓಡುವಾಗ ತಂಪಾಗಿದ್ದು ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾಗುವುದು. ಸೌತ್ ಎಂಡ್ ವೃತ್ತದಿಂದ ಹೊರಟವನಿಗೆ ಮಿನರ್ವ ವೃತ್ತದವರೆಗೂ ಸುಖ. ಅಲ್ಲಿ ಕೆಂಪು ದೀಪದೆದುರು ನಿಂತ ಒಂದೆರಡು ನಿಮಿಷಗಳಲ್ಲಿ ಗಾಳಿ ಉಗುರುಬೆಚ್ಚಗೆ. ದೀಪ ಹಸಿರಾಗಿ ಕಾರು ವೇಗ ಪಡೆದೊಡನೆ ಮತ್ತೆ ತಂಪು. ಓಡುವ ಕಾರಿನ ಕಂಡೆನ್ಸರಿಗೆ ಎದುರುಗಾಳಿಯೇ ಸಾಕು. ನಿಂತ ಕಾರಿಗೆ ಫ್ಯಾನೇ ಗತಿ. ಆ ಫ್ಯಾನು ತಿರುಗದಿದ್ದರೆ, ಅಥವಾ ಕ್ಷೀಣವಾಗಿ ತಿರುಗಿದರೆ, ಅಥವಾ ಕಂಡೆನ್ಸರಿನ ತೆಳುತಗಡುಗಳ ಸಂದುಗಳಲ್ಲಿ ಧೂಳೂ ಹುಳುಗಳೂ ಕೆಸರೂ ಮೆತ್ತಿಕೊಂಡಿದ್ದರೆ, ಒತ್ತಡವು ಏರುತ್ತ ಹೋಗಿ ಸುಮಾರು 30 ಬಾರ್ ಸಮೀಪಿಸಿದಾಗ ಪ್ರೆಷರ್ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸಿ ಕೊಳವೆಗಳನ್ನು ಕಾಪಾಡುತ್ತದೆ. ಅದು ಸ್ವಿಚ್ಚಿನ ತಪ್ಪಲ್ಲ, ಕರ್ತವ್ಯ. ಇದನ್ನು ಪರೀಕ್ಷಿಸುವ ಗ್ಯಾರೇಜಿನ ಹಳೆಯ ಉಪಾಯವೊಂದು ನನಗೆ ಬಹಳ ಮೆಚ್ಚುಗೆಯಾದುದು: ನಿಂತ ಕಾರು ಬಿಸಿಗಾಳಿ ಬೀಸುತ್ತಿರುವಾಗಲೇ ಕಂಡೆನ್ಸರಿನ ಮೇಲೆ ತಣ್ಣೀರನ್ನು ಎರಚುವುದು. ಒಡನೆಯೇ ತಂಪು ಮರಳಿತೆಂದರೆ ದೋಷವು ಉಷ್ಣವನ್ನು ಹೊರಹಾಕುವ ಕಡೆಯಲ್ಲಿದೆಯೆಂದು ಕಾಸಿನ ಖರ್ಚಿಲ್ಲದೆ ತಿಳಿದಂತಾಯಿತು. ಚಳಿಗಾಲವಿಡೀ ಅಡಗಿದ್ದು ಮಾರ್ಚಿನಲ್ಲಿ ತಲೆಯೆತ್ತುವ ದೋಷವೂ ಬಹುಮಟ್ಟಿಗೆ ಇದೇ.

ಎರಡನೆಯದು ಇದಕ್ಕೆ ವಿಪರೀತವಾದುದು. ಊರೊಳಗಿನ ಚಿಕ್ಕ ಸಂಚಾರಗಳಲ್ಲಿ ಯಾವ ತೊಂದರೆಯೂ ಇಲ್ಲ. ಮೈಸೂರಿಗೆ ಹೊರಟು ರಾಮನಗರವನ್ನು ದಾಟುವ ಹೊತ್ತಿಗೆ, ಬ್ಲೋವರ್ ಭೋರೆಂದು ಸದ್ದು ಮಾಡುತ್ತಿದ್ದರೂ ಕಿಂಡಿಗಳಿಂದ ಬರುವ ಗಾಳಿ ಕ್ಷೀಣಿಸುತ್ತದೆ. ಕಾಫಿಗೆಂದು ಕಾಲುಗಂಟೆ ನಿಲ್ಲಿಸಿ ಮರಳಿದರೆ ಕಾರಿನ ಅಡಿಯಲ್ಲಿ ಎಂದಿಗಿಂತ ಹೆಚ್ಚು ನೀರು ಸುರಿದಿರುತ್ತದೆ, ಏ.ಸಿ. ಹೊಸದರಂತೆ ಕೆಲಸ ಮಾಡುತ್ತದೆ. ಕೂಲಿಂಗ್ ಕಾಯಿಲಿನ ಮೇಲೆ ಹಿಮ ಕಟ್ಟಿ ಗಾಳಿಯ ದಾರಿಯನ್ನೇ ಮುಚ್ಚಿದುದರ ಲಕ್ಷಣವಿದು. ಕಾಯಿಲಿನ ಉಷ್ಣತೆ ಸೊನ್ನೆಯ ಸಮೀಪಕ್ಕೆ ಇಳಿಯುವ ಮೊದಲೇ ಕಂಪ್ರೆಸರನ್ನು ನಿಲ್ಲಿಸಬೇಕಾದ ಪುಟ್ಟ ಸೆನ್ಸರು ತಪ್ಪು ವರದಿ ಕೊಟ್ಟರೆ, ಅಥವಾ ತನ್ನ ಸ್ಥಾನದಿಂದ ಜಾರಿದ್ದರೆ, ಹೀಗಾಗುತ್ತದೆ. ಆದರೆ ಸಾಲುಮರಗಳ ಈ ಬಡಾವಣೆಗಳಲ್ಲಿ ಇನ್ನೂ ಸರಳವಾದ ಕಾರಣವೊಂದನ್ನು ಮೊದಲು ನೋಡುವುದು ವಿವೇಕ. ಹೊಂಗೆ ಹೂ ಉದುರುವ ಕಾಲದಲ್ಲಿ ಮರದಡಿ ನಿಲ್ಲಿಸಿದ ಕಾರಿನ ಮುಂಗಾಜಿನ ಬುಡದ ಜಾಲರಿಯನ್ನು ನೋಡಿದವರಿಗೆ ಗೊತ್ತು. ಅಲ್ಲಿ ಶೇಖರವಾದ ಹೂ, ತರಗೆಲೆ, ಪುಡಿಗಳು ಕ್ಯಾಬಿನ್ ಫಿಲ್ಟರಿನವರೆಗೆ ಇಳಿದು ಅದನ್ನು ಮುಚ್ಚುತ್ತವೆ. ಗಾಳಿ ಸಾಲದ ಕಾಯಿಲು ಅತಿಯಾಗಿ ತಣಿಯುತ್ತದೆ, ಅತಿಯಾಗಿ ತಣಿದುದು ಹಿಮಗಟ್ಟುತ್ತದೆ. ಕೆಲವು ನೂರು ರೂಪಾಯಿಗಳ ಫಿಲ್ಟರಿನ ಬದಲಿಗೆ ಸಾವಿರಾರು ರೂಪಾಯಿಗಳ ಕಾಯಿಲನ್ನು ಬದಲಿಸಿಕೊಂಡವರ ಕಥೆಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ಹಿಮದ ಇನ್ನೊಂದು ದೋಷವು ಮೇಲುನೋಟಕ್ಕೆ ಇದನ್ನೇ ಹೋಲುತ್ತದೆ. ಎರಡನ್ನೂ ಬೇರ್ಪಡಿಸುವ ಸಾಧನ ಕಿಂಡಿಯ ಮುಂದೆ ಹಿಡಿದ ಅಂಗೈ. ಗಾಳಿಯ ರಭಸವೇ ಕುಗ್ಗಿದರೆ ಹಿಮ ಕಾಯಿಲಿನ ಹೊರಗಿದೆ. ರಭಸವು ಹಾಗೆಯೇ ಇದ್ದು ತಂಪು ಮಾತ್ರ ಮಾಯವಾದರೆ, ಕೊಳವೆಗಳ ಒಳಗೆ ಸೇರಿಕೊಂಡ ತೇವವು ಎಕ್ಸ್‌ಪ್ಯಾನ್ಷನ್ ವಾಲ್ವಿನ ರಂಧ್ರದಲ್ಲಿ ಹೆಪ್ಪುಗಟ್ಟಿ ಗ್ಯಾಸಿನ ದಾರಿಯನ್ನು ಮುಚ್ಚಿರುವ ಸಂಭವವಿದೆ. ಏ.ಸಿ.ಯನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಆ ಕಣ ಕರಗಿ ಎಲ್ಲವೂ ಸರಿಹೋಗುತ್ತದೆ, ಮುಂದಿನ ಸಲದವರೆಗೆ. ಇದು ಬಹುತೇಕ ಹಿಂದಿನ ರಿಪೇರಿಯ ಅಜಾಗರೂಕತೆಯ ಫಲ: ಕೊಳವೆಯನ್ನು ಬಿಚ್ಚಿದವನು ಡ್ರೈಯರನ್ನು ಬದಲಿಸಲಿಲ್ಲ, ಅಥವಾ ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಪಂಪನ್ನು ಸಾಕಷ್ಟು ಹೊತ್ತು ಓಡಿಸಲಿಲ್ಲ.

ಈ ವ್ಯಾಕ್ಯೂಮಿನ ವಿಷಯದಲ್ಲಿ ಬೆಂಗಳೂರಿನ ಎತ್ತರಕ್ಕೆ ಒಂದು ವಿಶೇಷ ಪಾತ್ರವಿದೆ. ಪಂಪಿನ ಕೆಲಸ ಕೊಳವೆಗಳೊಳಗಿನ ಒತ್ತಡವನ್ನು ಎಷ್ಟು ತಗ್ಗಿಸುವುದೆಂದರೆ, ಅಲ್ಲಿ ಉಳಿದ ನೀರು ಸಾಧಾರಣ ಉಷ್ಣತೆಯಲ್ಲಿಯೇ ಕುದಿದು ಆವಿಯಾಗಿ ಹೊರಬೀಳಬೇಕು. 25 ಡಿಗ್ರಿಯಲ್ಲಿ ಹಾಗಾಗಲು ಒತ್ತಡವು 24 ಮಿಲಿಮೀಟರ್ ಪಾದರಸಕ್ಕಿಂತ, ಎಂದರೆ ಒಂದು ಅಂಗುಲಕ್ಕಿಂತ, ಕೆಳಗಿಳಿಯಬೇಕು. ಪಠ್ಯಪುಸ್ತಕಗಳು ಸಮುದ್ರತೀರದ ಲೆಕ್ಕದಲ್ಲಿ ಗೇಜಿನ ಮುಳ್ಳು ಸುಮಾರು 30 ಅಂಗುಲದ ನಿರ್ವಾತವನ್ನು ತೋರಬೇಕೆನ್ನುತ್ತವೆ. ಆದರೆ ಇಲ್ಲಿಯ ವಾಯುಭಾರವೇ 27 ಅಂಗುಲದ ಆಸುಪಾಸಿನದು. ಮುಳ್ಳು ಅದಕ್ಕಿಂತ ಮುಂದೆ ಹೋಗುವುದು ಸಾಧ್ಯವೇ ಇಲ್ಲ. ಇದನ್ನರಿಯದವನು ಪಂಪು ಕೆಟ್ಟಿದೆಯೆಂದು ಭಾವಿಸಬಹುದು. ಅಥವಾ, ಹೆಚ್ಚಾಗಿ ನಡೆಯುವುದು ಇದೇ, ಮುಳ್ಳು 25ಕ್ಕೆ ಬಂದುದನ್ನು ಕಂಡು ಸಾಕೆಂದು ನಿಲ್ಲಿಸಬಹುದು. ನೀರು ಕುದಿಯಬೇಕಾದ ಕೊನೆಯ ಅಂಗುಲವನ್ನು ಸಾಮಾನ್ಯ ಗೇಜು ಸ್ಪಷ್ಟವಾಗಿ ತೋರಿಸಲಾರದು. ಆದುದರಿಂದ ಮುಳ್ಳಿನ ಸ್ಥಾನಕ್ಕಿಂತ ಗಡಿಯಾರವನ್ನು ನಂಬುವುದು ಲೇಸು: ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಪಂಪು ಓಡಬೇಕು, ಬಳಿಕ ವಾಲ್ವನ್ನು ಮುಚ್ಚಿ ಮುಳ್ಳು ಕದಲದೆ ನಿಲ್ಲುವುದೇ ಎಂದು ಕಾದು ನೋಡಬೇಕು. ಹತ್ತು ನಿಮಿಷದಲ್ಲಿ ಮುಗಿಸಿಕೊಡುತ್ತೇನೆನ್ನುವ ಗ್ಯಾರೇಜಿನವನು ಸಮಯಪಾಲಕನಿರಬಹುದು, ಕುಶಲನಂತೂ ಅಲ್ಲ.

ಇನ್ನು ಕ್ಲಚ್ಚಿನ ವಿಷಯ. ಮುಂಜಾನೆ ಮಲ್ಲೇಶ್ವರದಿಂದ ಹೊರಟಾಗ ನಿರ್ದೋಷಿಯಾಗಿದ್ದ ಏ.ಸಿ. ನಡುಮಧ್ಯಾಹ್ನ ಒಂದು ಗಂಟೆಯ ಓಡಾಟದ ಮೇಲೆ ನಿಂತುಹೋಗಿ ಸಂಜೆ ಮತ್ತೆ ಬಂದರೆ, ಅದರ ಕಡೆಗೆ ಬೆರಳು ತೋರಿಸಬೇಕಾದೀತು. ಕ್ಲಚ್ಚಿನ ತಟ್ಟೆಗೂ ಪುಲ್ಲಿಗೂ ನಡುವೆ ಇರತಕ್ಕ ಅಂತರವು ಅರ್ಧ ಮಿಲಿಮೀಟರಿನ ಆಸುಪಾಸು. ಲಕ್ಷಾಂತರ ಸಲ ಅಂಟಿ ಬಿಟ್ಟು ಸವೆದ ಮೇಲೆ ಅದು ಹಿಗ್ಗುತ್ತದೆ. ತಟ್ಟೆಯನ್ನು ಸೆಳೆಯಬೇಕಾದ ಕಾಂತದ ಸುರುಳಿ ತಾಮ್ರದ್ದು. ತಾಮ್ರದ ವಿದ್ಯುತ್ ರೋಧವು ಒಂದೊಂದು ಡಿಗ್ರಿಗೆ ಶೇಕಡ 0.39ರಷ್ಟು ಏರುವುದರಿಂದ, 25 ಡಿಗ್ರಿಯಿಂದ 100 ಡಿಗ್ರಿಗೆ ಕಾದಾಗ ಸುಮಾರು ಶೇಕಡ 29ರಷ್ಟು ಹೆಚ್ಚಿ, ಹರಿಯುವ ವಿದ್ಯುತ್ತು ಅದಕ್ಕೆ ತಕ್ಕಂತೆ ತಗ್ಗಿ, ಸೆಳೆತ ದುರ್ಬಲವಾಗುತ್ತದೆ. ತಂಪಿನ ವೇಳೆಯಲ್ಲಿ ಹೇಗೋ ದಾಟುತ್ತಿದ್ದ ಅಂತರ ಬಿಸಿಯಾದಾಗ ದಾಟಲಾಗದಂತಾಗುತ್ತದೆ. ಕಾರು ಗ್ಯಾರೇಜಿನ ನೆರಳಿನಲ್ಲಿ ಸರದಿ ಕಾಯುವಷ್ಟರಲ್ಲಿ ಸುರುಳಿ ತಣಿದಿರುತ್ತದೆಯಾದುದರಿಂದ ಪರೀಕ್ಷೆಯಲ್ಲಿ ಇದು ಸಿಕ್ಕುವುದು ದುರ್ಲಭ. ಅಂತರವನ್ನು ಅಳೆದು ಒಳಗಣ ಶಿಮ್ ಎಂಬ ತೆಳುವಾದ ಬಿಲ್ಲೆಯೊಂದನ್ನು ತೆಗೆದರೆ ಎಷ್ಟೋ ಕಾರುಗಳಲ್ಲಿ ತೀರಬಹುದಾದ ತೊಂದರೆಗೆ, ಕಂಪ್ರೆಸರನ್ನೇ ಬದಲಿಸಬೇಕೆಂಬ ಸಲಹೆ ಸುಲಭವಾಗಿ ಬಂದುಬಿಡುತ್ತದೆ.

ತಂತಿಗಳ ಮತ್ತು ರಿಲೇಗಳ ದೋಷಗಳಿಗೆ ಕಾಲಕ್ಕಿಂತ ಕುಲುಕಾಟವೇ ಸೂಚನೆ. ಹಂಪಿನ ಮೇಲೆ ಹಾರಿದೊಡನೆ ತಂಪು ಬರುವುದೂ ಮುಂದಿನ ಹಂಪಿಗೆ ಹೋಗುವುದೂ ಸಡಿಲವಾದ ಕನೆಕ್ಟರಿನ ಲಕ್ಷಣ. ಇಂಥ ಪರೀಕ್ಷೆಗೆ ನಮ್ಮ ನಗರಪಾಲಿಕೆಯು ಹೆಜ್ಜೆಹೆಜ್ಜೆಗೂ ಅನುಕೂಲ ಕಲ್ಪಿಸಿದೆ. ಹಳೆಯ ಮನೆಗಳ ಕಾಂಪೌಂಡಿನಲ್ಲಿ ದಿನಗಟ್ಟಲೆ ನಿಲ್ಲುವ ಕಾರುಗಳಲ್ಲಿ ಇಲಿ ಹೆಗ್ಗಣಗಳ ಹಾವಳಿಯೂ ಸೇರುತ್ತದೆ; ಬುಲ್ ಟೆಂಪಲ್ ರಸ್ತೆಯ ಆಸುಪಾಸಿನಲ್ಲಿ ಕಡಲೆಕಾಯಿ ಪರಿಷೆ ಮುಗಿದ ವಾರ ಬಾನೆಟ್ ಎತ್ತಿದವರಿಗೆ ಬ್ಯಾಟರಿಯ ಪಕ್ಕದಲ್ಲಿ ಸಿಪ್ಪೆಯ ರಾಶಿ ಕಂಡರೆ ಆಶ್ಚರ್ಯಪಡಬೇಕಾದುದಿಲ್ಲ, ತಂತಿಗಳನ್ನೊಮ್ಮೆ ಸವರಿ ನೋಡಿದರೆ ಸಾಕು. ಬ್ಲೋವರ್ ಕೇವಲ ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ತಿರುಗಿದರೆ ಅದರ ರೆಸಿಸ್ಟರ್ ಸುಟ್ಟಿದೆ. ಬಿಸಿಗಾಳಿ ತಣ್ಣನೆಯ ಗಾಳಿಗಳನ್ನು ಬೆರೆಸುವ ಫ್ಲಾಪ್ ಸಿಕ್ಕಿಕೊಂಡರೆ ಕಂಪ್ರೆಸರ್ ಓಡುತ್ತಿದ್ದರೂ ಬೆಚ್ಚಗಿನ ಗಾಳಿಯೇ ಬರುತ್ತದೆ. ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ಣ ಒತ್ತಿದಾಗ ಕ್ಷಣಕಾಲ, ಎಂಜಿನ್ ಅತಿಯಾಗಿ ಕಾದಾಗ ಅದು ತಣಿಯುವವರೆಗೆ, ಕಂಪ್ರೆಸರನ್ನು ಎಂಜಿನ್ನನ್ನು ನಿಯಂತ್ರಿಸುವ ಗಣಕವೇ ನಿಲ್ಲಿಸುವುದುಂಟು. ಮೊದಲನೆಯದು ದೋಷವಲ್ಲ, ಎರಡನೆಯದು ಏ.ಸಿ.ಯ ದೋಷವಲ್ಲ.

ಕಟ್ಟಕಡೆಗೆ ಗ್ಯಾಸಿನ ಮಾತು. ಗ್ಯಾರೇಜುಗಳಲ್ಲಿ ಮೊಟ್ಟಮೊದಲು ಬರುವ ಮಾತನ್ನು ಇಲ್ಲಿ ಬುದ್ಧಿಪೂರ್ವಕವಾಗಿ ಕೊನೆಗಿಟ್ಟಿದ್ದೇನೆ. ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವ ಪದಾರ್ಥವಲ್ಲ. ರಬ್ಬರ್ ಕೊಳವೆಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಸೋರಬಹುದು; ಒಂದೇ ಬೇಸಗೆಯಲ್ಲಿ ಎರಡು ಸಲ ತುಂಬಿಸಬೇಕಾಗಿ ಬಂದರೆ ಸೋರಿಕೆಯನ್ನು ಹುಡುಕದೆ ವಿಧಿಯಿಲ್ಲ. ನಿಜವಾಗಿಯೂ ಗ್ಯಾಸು ಕಡಮೆಯಾದಾಗ ಕ್ಲಚ್ಚು ಕೆಲವು ಸೆಕೆಂಡುಗಳಿಗೊಮ್ಮೆ ಟಿಕ್ಕೆಂದು ಅಂಟಿ ಬಿಡುತ್ತಿರುತ್ತದೆ. ಕೊಳವೆಯ ಜೋಡಣೆಯ ಬಳಿ ಎಣ್ಣೆಯ ಜಿಡ್ಡು ಕಾಣುತ್ತದೆ. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳು ಏಳುತ್ತವೆ. ಇವಾವುವೂ ಇಲ್ಲದೆ, ತೂಕ ಮಾಡದೆ, ಗೇಜಿನ ಮುಳ್ಳನ್ನು ನೋಡಿ ತುಂಬುವ ಗ್ಯಾಸು ಹಳೆಯ ದೋಷವನ್ನು ಉಳಿಸಿ ಹೊಸದೊಂದನ್ನು ಸೇರಿಸುತ್ತದೆ, ಏಕೆಂದರೆ ಪ್ರಮಾಣ ಮೀರಿದ ಗ್ಯಾಸು ಕಂಡೆನ್ಸರಿನ ಒತ್ತಡವನ್ನು ಏರಿಸಿ ಸಿಗ್ನಲ್ಲುಗಳಲ್ಲಿ ಕಂಪ್ರೆಸರನ್ನು ನಿಲ್ಲಿಸುತ್ತದೆ. ಆಗ ಫ್ಯಾನಿನ ದೋಷಕ್ಕೂ ಇದಕ್ಕೂ ಲಕ್ಷಣದಲ್ಲಿ ಭೇದವೇ ಇರುವುದಿಲ್ಲ. ಗಾಳಿಗೆ ಬಿಟ್ಟ ಗ್ಯಾಸಿನ ಲೆಕ್ಕ ಬೇರೆ. ಓಜೋನ್ ಪದರವನ್ನು ಕೆಡಿಸುತ್ತಿದ್ದ ಆರ್-12 ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದವು ಕ್ರಮವಾಗಿ ಹಿಂದೆಗೆಸಿತು, ಭಾರತವು 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಅದರ ಸ್ಥಾನದಲ್ಲಿ ಬಂದು ನಮ್ಮ ಬೀದಿಗಳ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಓಜೋನಿಗೆ ನಿರಪಾಯಕರವಾದರೂ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ 1430ರಷ್ಟು ಪಾಲು ಹೆಚ್ಚು ಭೂಮಿಯನ್ನು ಬಿಸಿಮಾಡಬಲ್ಲುದು. ಚಿಕ್ಕ ಕಾರೊಂದರ 450 ಗ್ರಾಮು ಸೋರಿಹೋದರೆ ಅದು 640 ಕಿಲೋಗ್ರಾಮಿಗೂ ಮಿಕ್ಕ ಇಂಗಾಲದ ಡೈಆಕ್ಸೈಡಿಗೆ ಸಮ.

ಇದಕ್ಕೆಲ್ಲ ಮೆಕ್ಯಾನಿಕ್ಕನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ತುಂಬಿದ ಗ್ಯಾಸಿಗೆ, ಬದಲಿಸಿದ ಭಾಗಕ್ಕೆ ಗಿರಾಕಿ ತಕರಾರಿಲ್ಲದೆ ಹಣ ಕೊಡುತ್ತಾನೆ; ಎರಡು ಗಂಟೆ ಕಾರಿನಲ್ಲಿ ಕುಳಿತು ಊರು ಸುತ್ತಿ ದೋಷವು ಕಾಣಿಸಿಕೊಳ್ಳುವುದನ್ನು ಕಾಯ್ದವನಿಗೆ ಅವನು ಏನನ್ನೂ ಕೊಡಲಾರ. ಆ ಕಾಯುವಿಕೆಯನ್ನು ಮಾಲಿಕನೇ ಮಾಡಬೇಕು. ನಿಂತಾಗಲೋ ಓಡುವಾಗಲೋ, ಹೊರಟೊಡನೆಯೋ ಗಂಟೆಯ ಮೇಲೋ, ಗಾಳಿ ಕುಗ್ಗಿತೋ ತಂಪು ಮಾತ್ರವೋ, ಆ ಕ್ಷಣದಲ್ಲಿ ಕ್ಲಚ್ಚು ತಿರುಗುತ್ತಿತ್ತೋ ಇಲ್ಲವೋ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಟ್ಟು ಗ್ಯಾರೇಜಿಗೆ ಒಯ್ದರೆ, ಮೇಲೆ ಹೇಳಿದ ದೋಷಗಳಲ್ಲಿ ಬಹುಪಾಲು ಬಾನೆಟ್ ಎತ್ತುವ ಮೊದಲೇ ಪಕ್ಕಕ್ಕೆ ಸರಿಯುತ್ತವೆ.

ಈಗೀಗ ಹೆಚ್ಚುತ್ತಿರುವ ವಿದ್ಯುತ್ ಕಾರುಗಳಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಕಂಪ್ರೆಸರಿನ ಒಳಗೇ ಮೋಟಾರುಂಟು, ಅದಕ್ಕೆ ಅಧಿಕ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ಲುಂಟು. ಅನೇಕ ಮಾದರಿಗಳಲ್ಲಿ ಅದೇ ಗ್ಯಾಸು ಬ್ಯಾಟರಿಯನ್ನೂ ತಣಿಸುವುದರಿಂದ, ಅಲ್ಲಿ ತಂಪು ನಿಂತರೆ ಕೆಡುವುದು ಪ್ರಯಾಣಿಕನ ಸುಖ ಮಾತ್ರವಲ್ಲ. ಆ ಮೋಟಾರು ಗ್ಯಾಸಿನೊಡನೆ ಸುತ್ತುವ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ ಎಣ್ಣೆ ವಿದ್ಯುತ್ತನ್ನು ಹಾಯಗೊಡದ ಪಿ.ಓ.ಇ. ಜಾತಿಯದಾಗಿರಬೇಕು, ಸಾಮಾನ್ಯ ಕಾರುಗಳಲ್ಲಿರುವ ಪಿ.ಏ.ಜಿ. ಎಣ್ಣೆ ಅಲ್ಪ ಪ್ರಮಾಣದಲ್ಲಿ ಬೆರೆತರೂ ಅವಾಹಕತೆ ಕೆಡುತ್ತದೆ, ಕಾರಿನ ರಕ್ಷಣಾ ವ್ಯವಸ್ಥೆಯು ವಿದ್ಯುತ್ ಸೋರಿಕೆಯೆಂದು ಬಗೆದು ಕಂಪ್ರೆಸರನ್ನು ಬಿಟ್ಟು ಬಿಟ್ಟು ನಿಲ್ಲಿಸತೊಡಗಬಹುದು. ಬೆಳಗ್ಗೆ ಹಳೆಯ ಪೆಟ್ರೋಲ್ ಕಾರಿಗೆ ಹಚ್ಚಿದ ಗೇಜಿನ ಕೊಳವೆಯನ್ನೇ ಮಧ್ಯಾಹ್ನ ವಿದ್ಯುತ್ ಕಾರಿಗೆ ಹಚ್ಚಿದರೆ ಇಷ್ಟು ಅನರ್ಥಕ್ಕೆ ಸಾಕು. ಪುರಭವನದ ಬೆನ್ನಿನ ಗ್ಯಾರೇಜುಗಳು ಈ ಕಾರುಗಳಿಗೆಂದು ಇನ್ನೊಂದು ಜೊತೆ ಕೊಳವೆಗಳನ್ನು ಈಗಲೇ ಬೇರೆಯಾಗಿ ತೆಗೆದಿರಿಸಿಕೊಳ್ಳುವುದು ಒಳ್ಳೆಯದು. ಕಾರು ಒಪ್ಪಿಸುವವರು ಅದನ್ನು ಕೇಳಿ ತಿಳಿದುಕೊಳ್ಳುವುದೂ ಅಗತ್ಯ.